ಕೈಯಲ್ಲಿ ಬಣ್ಣ ಬರೆದ ಪೋರ್ಸಲಿನ್ ಪ್ರಾಣಿಬೊಂಬೆಗಳು: ಸಂಗ್ರಹ ಆರಂಭಿಸುವವರಿಗೆ ಸಮಗ್ರ ಮಾರ್ಗದರ್ಶಿ

ಪೋರ್ಸಲಿನ್ ಪ್ರಾಣಿಬೊಂಬೆಯೊಂದು ಕೈಗೆ ಬಂದ ಕೂಡಲೇ ಹೆಚ್ಚಿನವರು ಅದನ್ನು ತಲೆಕೆಳಗು ಮಾಡಿ ತಳದ ಮುದ್ರೆಯನ್ನು ನೋಡುತ್ತಾರೆ. ಮುದ್ರೆ ಮುಖ್ಯವೇ ಆದರೂ ಅದನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು. ಜರ್ಮನಿಯ ಹೆಸರಾಂತ ಮೈಸನ್ ಕಾರ್ಖಾನೆಯ ಮುದ್ರೆಯಾದ ಎರಡು ನೀಲಿ ಕತ್ತಿಗಳನ್ನು ಯಾರು ಬೇಕಾದರೂ ಬರೆದುಬಿಡಬಹುದು. ಮಲಗಿರುವ ನಾಯಿಮರಿಯ ರೆಪ್ಪೆಯ ಅಂಚನ್ನು ತಡೆಯಿಲ್ಲದೆ ಒಂದೇ ಎಳೆಯಲ್ಲಿ ಬರೆಯಲು ವರ್ಷಗಟ್ಟಲೆ ಪಳಗಿದ ಕೈ ಬೇಕು. ಆದ್ದರಿಂದ ಈ ಮಾರ್ಗದರ್ಶಿಯು ಮೊದಲು ಜೇಡಿಮಣ್ಣು, ಅಚ್ಚು ಮತ್ತು ಕುಂಚದ ಕೆಲಸವನ್ನು ಓದಲು ಕಲಿಸುತ್ತದೆ. ಮುದ್ರೆ, ಬೆಲೆ, ಖರೀದಿಗಳು ಆಮೇಲೆ ಬರುತ್ತವೆ.

ಮೊದಲ ಹಂತ: ವಸ್ತುವನ್ನು ಅರಿಯುವುದು

ನಮ್ಮ ಪೇಟೆಗಳಲ್ಲಿ ಪಿಂಗಾಣಿ ಎಂದು ಮಾರುವುದೆಲ್ಲವೂ ಪೋರ್ಸಲಿನ್ ಅಲ್ಲ. ಗಟ್ಟಿ ಪೋರ್ಸಲಿನ್ ಎಂಬುದು ಕೇಯೊಲಿನ್ ಎಂಬ ಬಿಳಿ ಜೇಡಿಮಣ್ಣು, ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿಯ ಮಿಶ್ರಣ. ಇದನ್ನು ಸುಮಾರು 1400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಅದು ಗಾಜಿನಂತೆ ಬಿಗಿಯಾಗಿ, ನೀರು ಹೀರದ, ತೆಳುವಾದ ಕಡೆ ಬೆಳಕನ್ನು ಒಳಬಿಡುವ ವಸ್ತುವಾಗುತ್ತದೆ. ಚೀನಾದವರಿಗೆ ಶತಮಾನಗಳ ಹಿಂದೆಯೇ ತಿಳಿದಿದ್ದ ಈ ವಿದ್ಯೆ ಯುರೋಪಿಗೆ ದಕ್ಕಿದ್ದು 1708ರ ಸುಮಾರಿಗೆ, ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಚಿರ್ನ್‌ಹೌಸ್ ಮತ್ತು ಬಟ್ಗರ್ ನಡೆಸಿದ ಪ್ರಯೋಗಗಳಿಂದ. 1710ರಲ್ಲಿ ಸ್ಯಾಕ್ಸನಿಯ ದೊರೆ ಅಗಸ್ಟಸ್ ಹತ್ತಿರದ ಮೈಸನ್ ಊರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದ. ಅದು ಇಂದಿಗೂ ನಡೆಯುತ್ತಿದೆ.

ಬೋನ್ ಚೈನಾ ಬೇರೆಯದೇ ವಸ್ತು. ಇಂಗ್ಲೆಂಡಿನ ರಾಯಲ್ ವೂಸ್ಟರ್‌ನಂತಹ ಕಾರ್ಖಾನೆಗಳು ಬಳಸಿದ ಈ ಮಿಶ್ರಣದಲ್ಲಿ ಸುಟ್ಟ ಮೂಳೆಯ ಬೂದಿ ದೊಡ್ಡ ಪ್ರಮಾಣದಲ್ಲಿರುತ್ತದೆ; ಮನೆಯಲ್ಲಿ ಮಡಿ ಮೈಲಿಗೆ ನೋಡುವವರು ಕೊಳ್ಳುವ ಮುನ್ನ ಇದನ್ನು ತಿಳಿದಿರುವುದು ಒಳ್ಳೆಯದು. ಇಂಗ್ಲೆಂಡಿನದೇ ಆದ ಬೆಸ್ವಿಕ್ ಪ್ರಾಣಿಗಳಲ್ಲಿ ಹೆಚ್ಚಿನವು ಪೋರ್ಸಲಿನ್ನೂ ಅಲ್ಲ, ಬೋನ್ ಚೈನಾವೂ ಅಲ್ಲ, ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣಿನವು. ಅವುಗಳ ಚೆಲುವಿಗೆ ಇದರಿಂದ ಕುಂದಿಲ್ಲ, ಆದರೆ ಅವನ್ನು ಪೋರ್ಸಲಿನ್ ಎಂದು ಮಾರುವವರ ಮಾತನ್ನು ನಂಬಬಾರದು.

ಬೊಂಬೆ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು, ಏಕೆಂದರೆ ಅಸಲಿ ನಕಲಿಯ ಪರೀಕ್ಷೆಗಳು ಬಹುಮಟ್ಟಿಗೆ ಇದರಿಂದಲೇ ಹೊರಡುತ್ತವೆ. ಶಿಲ್ಪಿ ಮೊದಲು ಮೂಲ ಮಾದರಿಯನ್ನು ಮಾಡುತ್ತಾನೆ. ಅದನ್ನು ತಲೆ, ಕಾಲು, ಬಾಲ ಎಂದು ಭಾಗಗಳಾಗಿ ಕತ್ತರಿಸಿ ಪ್ರತಿ ಭಾಗಕ್ಕೂ ಪ್ಲಾಸ್ಟರ್ ಅಚ್ಚು ತೆಗೆಯುತ್ತಾರೆ. ಅಚ್ಚಿನಿಂದ ಬಂದ ತುಂಡುಗಳನ್ನು ಕೆಲಸಗಾರರು ಜೇಡಿಯ ರಾಡಿಯಿಂದ ಅಂಟಿಸಿ, ಬೆಸುಗೆಯ ಗೆರೆಗಳನ್ನು ಉಜ್ಜಿ, ಕೂದಲು, ಗರಿ, ಮಡಿಕೆಗಳನ್ನು ಮರದ ಕಡ್ಡಿಯಿಂದ ಮತ್ತೆ ತಿದ್ದುತ್ತಾರೆ. ಬಳಿಕ ಸುಮಾರು 900ರಿಂದ 1000 ಡಿಗ್ರಿಯಲ್ಲಿ ಒಂದು ಸುಡುವಿಕೆ, ಗ್ಲೇಜ್ ಎಂಬ, ಸುಟ್ಟಾಗ ಗಾಜಿನಂತೆ ಹೊಳೆಯುವ ಲೇಪದಲ್ಲಿ ಅದ್ದಿದ ಮೇಲೆ 1400 ಡಿಗ್ರಿಯ ಸುಮಾರಿನಲ್ಲಿ ಎರಡನೆಯದು. ಬೊಂಬೆಯ ಒಳಗಿನ ಗಾಳಿ ಬಿಸಿಯಾಗಿ ಒಡೆಯದಿರಲೆಂದು ತಳದಲ್ಲೋ ಹೊಟ್ಟೆಯ ಕೆಳಗೋ ಒಂದು ಸಣ್ಣ ರಂಧ್ರವನ್ನು ಬಿಟ್ಟಿರುತ್ತಾರೆ.

ಸುಟ್ಟಾಗ ಪೋರ್ಸಲಿನ್ ಸುಮಾರು ಆರನೇ ಒಂದು ಭಾಗದಷ್ಟು ಕುಗ್ಗುತ್ತದೆ. 18 ಸೆಂ.ಮೀ. ಎತ್ತರದ ಹಸಿ ಬೊಂಬೆ ಗೂಡಿನಿಂದ ಹೊರಬರುವಾಗ 15 ಸೆಂ.ಮೀ. ಇರುತ್ತದೆ. ಈಗ ಯಾರೋ ಆ ಸಿದ್ಧ ಬೊಂಬೆಯ ಮೇಲೆಯೇ ಅಚ್ಚು ತೆಗೆದು ನಕಲು ಮಾಡಿದರೆಂದುಕೊಳ್ಳಿ: ಅವರ ಹಸಿ ಬೊಂಬೆ 15 ಸೆಂ.ಮೀ., ಸುಟ್ಟ ಮೇಲೆ ಅದು 12.5 ಸೆಂ.ಮೀ. ಮಾತ್ರ. ಜೊತೆಗೆ ಮೂಲದ ಮೇಲಿದ್ದ ಗ್ಲೇಜಿನ ದಪ್ಪವೂ ಅಚ್ಚಿನೊಳಗೆ ಸೇರಿರುವುದರಿಂದ ಕಿವಿಯ ಅಂಚು, ಉಗುರು, ಗರಿಯ ಗೆರೆಗಳೆಲ್ಲ ಮೊಂಡಾಗಿರುತ್ತವೆ. ಕಾರ್ಖಾನೆಯ ಪಟ್ಟಿಯಲ್ಲಿ ಅಥವಾ ದೊಡ್ಡ ಹರಾಜು ಸಂಸ್ಥೆಗಳ ದಾಖಲೆಗಳಲ್ಲಿ ಆ ಮಾದರಿಯ ಎತ್ತರವನ್ನು ನೋಡಿ, ನಿಮ್ಮ ಕೈಯಲ್ಲಿರುವುದನ್ನು ಅಳೆದರೆ ಇಂತಹ ನಕಲು ಬಯಲಿಗೆ ಬರುತ್ತದೆ. ಕೈಕೆಲಸದಲ್ಲಿ ಕೆಲವು ಮಿಲಿಮೀಟರುಗಳ ವ್ಯತ್ಯಾಸ ಸಹಜ. ಆರನೇ ಒಂದು ಭಾಗದ ವ್ಯತ್ಯಾಸ ಸಹಜವಲ್ಲ. ಒಂದು ಅಳತೆಪಟ್ಟಿ ಇಷ್ಟು ದೊಡ್ಡ ಸತ್ಯವನ್ನು ಹೇಳುವ ಸಂಗ್ರಹಕ್ಷೇತ್ರ ಬೇರೊಂದು ಇರಲಾರದು ಎಂಬುದು ನನ್ನ ಅನಿಸಿಕೆ.

ಎರಡನೆಯ ಹಂತ: ಬಣ್ಣ ಗ್ಲೇಜಿನ ಕೆಳಗೋ ಮೇಲೋ ಎಂದು ಗುರುತಿಸುವುದು

ಪ್ರಾಣಿಬೊಂಬೆಗಳಿಗೆ ಎರಡು ಬಗೆಯಲ್ಲಿ ಬಣ್ಣ ಹಾಕುತ್ತಾರೆ. ಗ್ಲೇಜಿನ ಕೆಳಗಿನ ಬಣ್ಣಗಾರಿಕೆಯಲ್ಲಿ, ಮೊದಲ ಬಾರಿ ಸುಟ್ಟು ಇನ್ನೂ ನೀರು ಹೀರುವ ಸ್ಥಿತಿಯಲ್ಲಿರುವ ಬೊಂಬೆಯ ಮೇಲೆ ಬಣ್ಣ ಹಚ್ಚಿ ಆಮೇಲೆ ಗ್ಲೇಜ್ ಕೊಟ್ಟು ಸುಡುತ್ತಾರೆ. 1400 ಡಿಗ್ರಿಯನ್ನು ತಡೆದುಕೊಳ್ಳುವ ಬಣ್ಣಗಳು ಕೋಬಾಲ್ಟಿನ ನೀಲಿ, ಕ್ರೋಮಿಯಂನ ಹಸಿರು ಮೊದಲಾದ ಕೆಲವೇ ಆದ್ದರಿಂದ ಈ ಬೊಂಬೆಗಳು ಬೂದುನೀಲಿ, ಮಾಸಲು ಕಂದು, ಮಂಜಿನ ಬಿಳುಪಿನ ಸೌಮ್ಯ ಛಾಯೆಗಳಲ್ಲಿರುತ್ತವೆ. ಅಂಚುಗಳು ಗ್ಲೇಜಿನೊಳಗೆ ಕರಗಿ ಮೆತ್ತಗಾಗಿರುತ್ತವೆ. ಡೆನ್ಮಾರ್ಕಿನ ರಾಯಲ್ ಕೋಪನ್‌ಹೇಗನ್ ಕಾರ್ಖಾನೆಯ ಪ್ರಾಣಿಗಳು ಇದಕ್ಕೆ ಅತ್ಯುತ್ತಮ ಉದಾಹರಣೆ. 1775ರಲ್ಲಿ ಆರಂಭವಾದ ಈ ಕಾರ್ಖಾನೆಗೆ 1880ರ ದಶಕದಲ್ಲಿ ಆರ್ನಾಲ್ಡ್ ಕ್ರೋಗ್ ಕಲಾನಿರ್ದೇಶಕನಾಗಿ ಬಂದ ಮೇಲೆ ಈ ವಿಧಾನ ಬೆಳೆಯಿತು. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ದೊಡ್ಡ ಮನ್ನಣೆ ದೊರೆಯಿತು.

ಗ್ಲೇಜಿನ ಮೇಲಿನ ಬಣ್ಣಗಾರಿಕೆಯಲ್ಲಿ ಪೂರ್ತಿ ಸುಟ್ಟ ಬಿಳಿ ಬೊಂಬೆಯ ಮೇಲೆ ಬಣ್ಣ ಬರೆದು ಮತ್ತೆ ಸುಮಾರು 800 ಡಿಗ್ರಿಯಲ್ಲಿ ಸುಡುತ್ತಾರೆ. ಇಲ್ಲಿ ಕೆಂಪು, ಹಳದಿ, ಗುಲಾಬಿ, ಚಿನ್ನ ಎಲ್ಲವೂ ಸಾಧ್ಯ. ಮೈಸನ್ ಮತ್ತು ಹಂಗೇರಿಯ ಹೆರೆಂಡ್ ಈ ದಾರಿಯಲ್ಲಿ ಹೆಸರುವಾಸಿ.

ಗುರುತಿಸುವ ಬಗೆ ಸುಲಭ. ಬೊಂಬೆಯನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿದು ಬೆಳಕು ಮೈಮೇಲೆ ಜಾರುವುದನ್ನು ನೋಡಿ. ಬಣ್ಣ ಕೆಳಗಿದ್ದರೆ ಹೊಳಪು ಎಲ್ಲ ಕಡೆ ಒಂದೇ ತೆರನಾಗಿರುತ್ತದೆ. ಮೇಲಿದ್ದರೆ ಬಣ್ಣ ಬಿದ್ದಲ್ಲಿ ಹೊಳಪು ಬದಲಾಗುತ್ತದೆ, ಬೆರಳ ತುದಿಗೆ ಬಣ್ಣದ ಸಣ್ಣ ಉಬ್ಬು ಸಿಗುತ್ತದೆ. ಇದರಿಂದ ಇನ್ನೊಂದು ಉಪಯೋಗವಿದೆ: ಗ್ಲೇಜಿನ ಕೆಳಗೆ ಬಣ್ಣವಿರಬೇಕಾದ ಕೋಪನ್‌ಹೇಗನ್ ಬೊಂಬೆಯ ಕಿವಿಯ ಮೇಲೆ ಒಂದು ತೇಪೆ ಮಾತ್ರ ಬೇರೆ ಹೊಳಪಿನಲ್ಲಿ ಕಂಡರೆ, ಅಲ್ಲಿ ಆಮೇಲೆ ಯಾರೋ ರಿಪೇರಿ ಮಾಡಿದ್ದಾರೆ ಎಂದೇ ತಿಳಿಯಬೇಕು.

ಮೂರನೆಯ ಹಂತ: ಒಂದು ಕ್ಷೇತ್ರವನ್ನು ಆರಿಸಿಕೊಳ್ಳುವುದು

ಎಲ್ಲ ಕಾರ್ಖಾನೆಗಳ ಎಲ್ಲ ಪ್ರಾಣಿಗಳನ್ನು ಕೂಡಿಹಾಕಲು ಹೊರಟರೆ ಶೋಕೇಸ್ ತುಂಬುತ್ತದೆ, ಕಣ್ಣು ಪಳಗುವುದಿಲ್ಲ. ಒಂದು ಕಾರ್ಖಾನೆ, ಒಬ್ಬ ಶಿಲ್ಪಿ ಅಥವಾ ಒಂದೇ ಪ್ರಾಣಿ ಎಂದು ಗಡಿ ಹಾಕಿಕೊಳ್ಳಿ. ಹಾಗೆ ಮಾಡಿದವರು ಒಂದೇ ಮಾದರಿಯ ಹಲವು ಪ್ರತಿಗಳನ್ನು ಹೋಲಿಸಿ ನೋಡುತ್ತಾರೆ, ಮತ್ತು ಒಳ್ಳೆಯ ಕುಂಚಕ್ಕೂ ಸಾಧಾರಣ ಕುಂಚಕ್ಕೂ ಇರುವ ಅಂತರ ಆಗ ಮಾತ್ರ ತಿಳಿಯುತ್ತದೆ.

ಮೈಸನ್ ಈ ಕಲೆಯ ತವರು. 1730ರ ಸುಮಾರಿನಲ್ಲಿ ಅಗಸ್ಟಸ್ ಡ್ರೆಸ್ಡೆನ್‌ನಲ್ಲಿದ್ದ ತನ್ನ ‘ಜಪಾನಿ ಅರಮನೆ’ಗಾಗಿ ಜೀವಂತ ಗಾತ್ರದ ಪ್ರಾಣಿಗಳನ್ನು ಮಾಡಿಸಿದ. ಮೊದಲು ಕಿರ್ಶ್ನರ್, 1731ರಿಂದ ಯೋಹಾನ್ ಯೋಹಾಕಿಮ್ ಕೆಂಡ್ಲರ್ ಅವುಗಳನ್ನು ರೂಪಿಸಿದರು. ಅಷ್ಟು ದೊಡ್ಡ ಬೊಂಬೆಗಳನ್ನು ಗೂಡು ತಾಳಲಿಲ್ಲ. ಡ್ರೆಸ್ಡೆನ್‌ನ ಪೋರ್ಸಲಿನ್ ಸಂಗ್ರಹದಲ್ಲಿ ಉಳಿದಿರುವ ಆಡು, ಸಿಂಹ, ಹಕ್ಕಿಗಳಲ್ಲಿ ಸುಡುವಾಗಲೇ ಬಿದ್ದ ಬಿರುಕುಗಳನ್ನು ಇಂದಿಗೂ ಕಾಣಬಹುದು. ಅಲ್ಲಿನ ಘೇಂಡಾಮೃಗಕ್ಕೆ ನಮ್ಮ ಕಡೆಯ ನಂಟೊಂದಿದೆ. ಗುಜರಾತಿನ ಸುಲ್ತಾನ ಮುಜಫರ್ ಷಾ ಪೋರ್ಚುಗೀಸರಿಗೆ ಉಡುಗೊರೆ ಕೊಟ್ಟ ಘೇಂಡಾಮೃಗವೊಂದು 1515ರಲ್ಲಿ ಗೋವಾದಿಂದ ಹಡಗೇರಿ ಲಿಸ್ಬನ್ ತಲುಪಿತು. ಅದನ್ನು ಕಣ್ಣಾರೆ ಕಾಣದ ಜರ್ಮನ್ ಕಲಾವಿದ ಡ್ಯೂರರ್, ವರ್ಣನೆಯನ್ನು ಆಧರಿಸಿ ಹೆಗಲ ಮೇಲೆ ಇನ್ನೊಂದು ಪುಟ್ಟ ಕೊಂಬಿಟ್ಟು ಮರದಚ್ಚಿನ ಚಿತ್ರ ಮಾಡಿದ. ಎರಡು ಶತಮಾನಗಳ ಬಳಿಕ ಕಿರ್ಶ್ನರ್ ಅದೇ ಚಿತ್ರವನ್ನು ಪೋರ್ಸಲಿನ್‌ಗೆ ಇಳಿಸಿದ. ಬಂಗಾಳದಿಂದ ಯುರೋಪಿಗೆ ಬಂದಿದ್ದ ಕ್ಲಾರಾ ಎಂಬ ಹೆಣ್ಣು ಘೇಂಡಾಮೃಗ 1747ರಲ್ಲಿ ಡ್ರೆಸ್ಡೆನ್‌ಗೆ ಬಂದಾಗ ಮೈಸನ್‌ನ ಶಿಲ್ಪಿಗಳಿಗೆ ಜೀವಂತ ಮಾದರಿಯೇ ಸಿಕ್ಕಿತು. ಆ ಕಾಲದ ಬೊಂಬೆಗಳು ಸಾಮಾನ್ಯ ಸಂಗ್ರಾಹಕರ ಕೈಗೆ ಎಟುಕುವುದಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಮ್ಯಾಕ್ಸ್ ಎಸ್ಸರ್, ಪೌಲ್ ವಾಲ್ಟರ್ ಮೊದಲಾದವರು ರೂಪಿಸಿದ ಮೈಸನ್ ಪ್ರಾಣಿಗಳು ದುಬಾರಿಯಾದರೂ ಮಾರುಕಟ್ಟೆಯಲ್ಲಿ ಸಿಗುತ್ತವೆ.

ಹೊಸಬರಿಗೆ ನಾನು ಸೂಚಿಸುವುದು ರಾಯಲ್ ಕೋಪನ್‌ಹೇಗನ್. ಎರಿಕ್ ನೀಲ್ಸನ್, ಕ್ನುದ್ ಕ್ಯೂನ್, ಯೆನ್ನ ಗ್ರುಟ್ ಮೊದಲಾದ ಶಿಲ್ಪಿಗಳ ಮಾದರಿಗಳು ಹೇರಳವಾಗಿವೆ, ಮುದ್ರೆಗಳು ಸ್ಪಷ್ಟವಾಗಿವೆ, ಸಣ್ಣ ಗುಬ್ಬಿ, ಇಲಿ, ನಾಯಿಮರಿಗಳ ಬೆಲೆ ಇತರ ದೊಡ್ಡ ಕಾರ್ಖಾನೆಗಳವುಗಳಿಗಿಂತ ಸೌಮ್ಯವಾಗಿದೆ. 1853ರಲ್ಲಿ ಅದೇ ಊರಿನಲ್ಲಿ ಆರಂಭವಾದ ಬಿಂಗ್ ಅಂಡ್ ಗ್ರೋಂಡಾಲ್ ಕಾರ್ಖಾನೆ 1987ರಲ್ಲಿ ಇದರೊಂದಿಗೆ ವಿಲೀನವಾಯಿತು. ಆದ್ದರಿಂದ ಅದರ ಮಾದರಿಗಳು ಆಮೇಲೆ ಕೋಪನ್‌ಹೇಗನ್ ಮುದ್ರೆಯಲ್ಲೂ ಬಂದಿವೆ.

ಸೋವಿಯತ್ ಕಾಲದ ಲೆನಿನ್‌ಗ್ರಾಡ್‌ನ ಲೊಮೊನೊಸೊವ್ ಕಾರ್ಖಾನೆಯ ಪ್ರಾಣಿಗಳು ಇನ್ನೊಂದು ಒಳ್ಳೆಯ ಆರಂಭ. 1744ರಲ್ಲಿ ಚಕ್ರಾಧಿಪತ್ಯದ ಕಾರ್ಖಾನೆಯಾಗಿ ಹುಟ್ಟಿ, 1925ರಲ್ಲಿ ಲೊಮೊನೊಸೊವ್ ಹೆಸರು ಪಡೆದು, 2005ರಲ್ಲಿ ಹಳೆಯ ಹೆಸರಿಗೆ ಮರಳಿದ ಈ ಸಂಸ್ಥೆಯ ಕರಡಿ, ಹುಲಿ, ನರಿಗಳಲ್ಲಿ ಬೋರಿಸ್ ವೊರೊಬ್ಯೋವ್ ಅವರ ಮಾದರಿಗಳು ವಿಶೇಷ. ಓದಿಗೋ ಕೆಲಸಕ್ಕೋ ಆಗ ರಷ್ಯಾಕ್ಕೆ ಹೋಗಿದ್ದ ಬಂಧುಗಳಿದ್ದರೆ ಅವರ ಶೋಕೇಸನ್ನು ಒಮ್ಮೆ ಗಮನಿಸಿ.

ನಾಲ್ಕನೆಯ ಹಂತ: ಕುಂಚವನ್ನು ಓದುವುದು

ಇಡೀ ಹವ್ಯಾಸದ ತಿರುಳು ಇದೇ ಆದ್ದರಿಂದ ಇಲ್ಲಿ ಆತುರ ಸಲ್ಲದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದನ್ನು ಕೊಳ್ಳಿ. ಮೊದಲು ಕಣ್ಣುಗಳನ್ನು ನೋಡಿ. ಒಳ್ಳೆಯ ಬೊಂಬೆಯಲ್ಲಿ ಎರಡೂ ಕಣ್ಣುಗಳು ಒಂದೇ ಕಡೆಗೆ ನೋಡುತ್ತಿರುತ್ತವೆ. ಕಣ್ಣುಗುಡ್ಡೆಯ ಬಣ್ಣ, ನಡುವಿನ ಪಾಪೆ, ಮೇಲಿನ ರೆಪ್ಪೆಯ ಗಾಢ ಗೆರೆ, ಬೆಳಕಿನ ಒಂದು ಚುಕ್ಕೆ ಬೇರೆಬೇರೆಯಾಗಿ ಕಾಣುತ್ತವೆ. ಸಾಧಾರಣ ಕೆಲಸದಲ್ಲಿ ಒಂದು ಕಪ್ಪು ಚುಕ್ಕೆಯಷ್ಟೇ ಇರುತ್ತದೆ, ಅದೂ ಕೆತ್ತಿದ ಕಣ್ಣಿನ ಗುಳಿಯಿಂದ ಒಂದಿಷ್ಟು ಪಕ್ಕಕ್ಕೆ ಸರಿದಿರುತ್ತದೆ.

ಆಮೇಲೆ ಕೂದಲು ಮತ್ತು ಗರಿ. ಕುಂಚದ ಎಳೆ ಆರಂಭದಲ್ಲಿ ದಪ್ಪವಾಗಿ ತುದಿಯಲ್ಲಿ ತೆಳ್ಳಗಾಗಬೇಕು, ಕೂದಲು ಬೆಳೆಯುವ ದಿಕ್ಕಿನಲ್ಲೇ ಸಾಗಬೇಕು. ಭೂತಗನ್ನಡಿಯಲ್ಲಿ ಬಣ್ಣ ಒಂದೇ ಅಳತೆಯ ಸಾಲುಚುಕ್ಕೆಗಳಾಗಿ ಒಡೆದು ಕಂಡರೆ ಅದು ಅಚ್ಚುಹಾಕಿದ ಚಿತ್ರ, ಕೈಬರಹವಲ್ಲ. ಕೋಪನ್‌ಹೇಗನ್ ಬೊಂಬೆಗಳಲ್ಲಿ ಮೈಯ ಛಾಯೆಯನ್ನು ಸಿಂಪಡಿಸಿಯೂ ಹಾಕುವುದುಂಟು, ಆದ್ದರಿಂದ ಅಲ್ಲಿನ ಮಂಜಿನಂತಹ ಹರವು ದೋಷವಲ್ಲ.

ಹೆರೆಂಡಿನ ಬಲೆವಿನ್ಯಾಸ ಈ ಓದಿಗೆ ಅತ್ಯುತ್ತಮ ಪಾಠ. 1826ರಲ್ಲಿ ಹಂಗೇರಿಯ ಹೆರೆಂಡ್ ಹಳ್ಳಿಯಲ್ಲಿ ಆರಂಭವಾದ ಈ ಕಾರ್ಖಾನೆಯ ಮೊಲ, ಆನೆ, ಬಾತುಕೋಳಿಗಳ ಮೈತುಂಬ ಮೀನಿನ ಪೊರೆಯಂತಹ ಪುಟ್ಟ ಕಮಾನುಗಳ ಸಾಲಿರುತ್ತದೆ. ಮೂಗು, ಗೊರಸುಗಳಿಗೆ ಚಿನ್ನದ ಲೇಪವಿರುತ್ತದೆ. ಮೊಲವೊಂದನ್ನು ಕೈಯಲ್ಲಿ ಹಿಡಿದು ಒಂದು ಸಾಲನ್ನು ಬೆನ್ನಿನಿಂದ ಕಾಲಿನವರೆಗೆ ಹಿಂಬಾಲಿಸಿ. ಬೆನ್ನಿನ ಅಗಲದಲ್ಲಿ ಪೊರೆಗಳು ದೊಡ್ಡದಾಗಿರುತ್ತವೆ, ತೊಡೆಯ ತಿರುವಿನಲ್ಲಿ ಒತ್ತಾಗುತ್ತವೆ, ಪಾದದ ಬಳಿ ಸಾಸಿವೆಯಷ್ಟಾಗುತ್ತವೆ, ಆದರೂ ಸಾಲು ಎಲ್ಲಿಯೂ ತಪ್ಪುವುದಿಲ್ಲ. ಚಪ್ಪಟೆಯಲ್ಲದ ಮೈಮೇಲೆ, ಪೆನ್ಸಿಲಿನ ಸಹಾಯ ಎಲ್ಲೂ ಕಾಣದಂತೆ, ಒಂದು ಕೈ ಇದನ್ನು ಸಾಧಿಸಿದೆ ಎಂಬುದನ್ನು ಮನಗಂಡ ಮೇಲೆ ಅದರ ಬೆಲೆಯ ಬಗ್ಗೆ ಯಾರೂ ತಕರಾರು ಎತ್ತಲಾರರು. ಅಗ್ಗದ ಅನುಕರಣೆಗಳಲ್ಲಿ ಪೊರೆಗಳ ಅಳತೆ ಎಲ್ಲ ಕಡೆ ಒಂದೇ ಆಗಿದ್ದು, ಕಿವಿಯ ಬುಡದಲ್ಲೋ ಕಾಲಿನ ಸಂದಿಯಲ್ಲೋ ವಿನ್ಯಾಸ ಹಠಾತ್ತನೆ ನಿಂತುಬಿಡುತ್ತದೆ.

ಕಣ್ಣು ಪಳಗಲು ಒಳ್ಳೆಯ ಕೆಲಸಗಳನ್ನು ಎದುರಿನಲ್ಲೇ ನೋಡಬೇಕು. ಕರ್ನಾಟಕದವರಿಗೆ ಹತ್ತಿರದಲ್ಲಿರುವ ದೊಡ್ಡ ಯುರೋಪಿಯನ್ ಪೋರ್ಸಲಿನ್ ಸಂಗ್ರಹ ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದ್ದು. ಯುರೋಪಿನಲ್ಲಿರುವ ಕನ್ನಡಿಗರಿಗೆ ಡ್ರೆಸ್ಡೆನ್‌ನ ಜ್ವಿಂಗರ್ ಅರಮನೆಯ ಸಂಗ್ರಹಕ್ಕೆ ಸಮನಾದ ಪಾಠಶಾಲೆ ಇನ್ನೊಂದಿಲ್ಲ.

ಐದನೆಯ ಹಂತ: ಈಗ ಮುದ್ರೆಯನ್ನು ನೋಡುವುದು

ಮೈಸನ್‌ನ ಮುದ್ರೆ ಗ್ಲೇಜಿನ ಕೆಳಗೆ ಕೋಬಾಲ್ಟ್ ನೀಲಿಯಲ್ಲಿ ಕೈಯಿಂದ ಬರೆದ, ಅಡ್ಡಹಾಯ್ದ ಎರಡು ಕತ್ತಿಗಳು. ಇದು 1720ರ ದಶಕದಿಂದ ಬಳಕೆಯಲ್ಲಿದೆ. ಕತ್ತಿಯ ಹಿಡಿಗಳ ನಡುವೆ ನಕ್ಷತ್ರವಿದ್ದರೆ ಅದು 1774ರಿಂದ 1814ರವರೆಗೆ ಮಾರ್ಕೊಲಿನಿ ಕಾರ್ಖಾನೆಯ ನಿರ್ದೇಶಕನಾಗಿದ್ದ ಅವಧಿಯನ್ನು, ಕತ್ತಿಗಳ ತುದಿಗಳ ನಡುವೆ ಚುಕ್ಕೆಯಿದ್ದರೆ 1924ರಿಂದ 1934ರವರೆಗಿನ ಅವಧಿಯನ್ನು ಸೂಚಿಸುತ್ತದೆ. ಇದರೊಂದಿಗೆ ಜೇಡಿಯಲ್ಲಿ ಕೊರೆದ ಮಾದರಿಸಂಖ್ಯೆಯೂ ಇರುವುದುಂಟು. ಕತ್ತಿಗಳ ಮೇಲೆ ಅಡ್ಡ ಗೀರು ಎಳೆದಿದ್ದರೆ ಕಾರ್ಖಾನೆ ಅದನ್ನು ಮೊದಲ ದರ್ಜೆಯದಲ್ಲವೆಂದು ತಿರಸ್ಕರಿಸಿದೆ, ಅಥವಾ ಬಣ್ಣವಿಲ್ಲದೆ ಹೊರಗೆ ಮಾರಿದೆ ಎಂದರ್ಥ; ಅಂಥದ್ದರ ಮೇಲಿನ ಬಣ್ಣ ಹೊರಗಿನವರ ಕೈಯದಾಗಿರಬಹುದು. 1845ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಸ್ಯಾಮ್ಸನ್ ಸಂಸ್ಥೆಯಂತಹವರು ಮೈಸನ್ ಮಾದರಿಗಳನ್ನು ಹೇರಳವಾಗಿ ಅನುಕರಿಸಿದ್ದಾರೆ, ಹಾಗಾಗಿ ಕತ್ತಿಗಳಷ್ಟೇ ಸಾಕ್ಷಿಯಾಗಲಾರವು.

ರಾಯಲ್ ಕೋಪನ್‌ಹೇಗನ್‌ನ ಮೂರು ನೀಲಿ ಅಲೆಗಳು ಡೆನ್ಮಾರ್ಕಿನ ಮೂರು ಜಲಸಂಧಿಗಳ ಸಂಕೇತ. ಇಲ್ಲಿನ ಸೊಗಸಾದ ಸೌಕರ್ಯವೆಂದರೆ ವರ್ಷದ ಗುರುತು. ಕಾರ್ಖಾನೆಯ ಇಂಗ್ಲಿಷ್ ಹೆಸರಿನಲ್ಲಿ ಹದಿನೈದು ಅಕ್ಷರಗಳಿವೆ. 1935ರಿಂದ 1949ರವರೆಗೆ ಪ್ರತಿ ವರ್ಷ ಒಂದೊಂದು ಅಕ್ಷರದ ಮೇಲೆ ಸಣ್ಣ ಅಡ್ಡಗೆರೆ ಇಡುತ್ತ ಹೋದರು, 1950ರಿಂದ ಅದೇ ಕ್ರಮದಲ್ಲಿ ಅಕ್ಷರದ ಕೆಳಗೆ ಇಟ್ಟರು. ಎರಡನೆಯ ಅಕ್ಷರದ ಮೇಲೆ ಗೆರೆಯಿದ್ದರೆ 1936, ಕೆಳಗಿದ್ದರೆ 1951. ಅಲೆಗಳನ್ನು ಗೀರಿ ಕಡಿದಿದ್ದರೆ ಅದು ಎರಡನೆಯ ದರ್ಜೆಯ ಮಾಲು.

ಆರನೆಯ ಹಂತ: ಕೈಯಲ್ಲಿ ಹಿಡಿದು ಪರೀಕ್ಷಿಸುವುದು

ಪ್ರಾಣಿಬೊಂಬೆಗೆ ಏಟು ಬೀಳುವುದು ಚಾಚಿಕೊಂಡಿರುವ ಕಡೆಗೆ: ಕಿವಿ, ಕೊಂಬು, ಕೊಕ್ಕು, ಬಾಲ, ಎತ್ತಿದ ಕಾಲು. ಇವನ್ನು ಒಂದೊಂದಾಗಿ ಬೆರಳಿನಿಂದ ಸವರಿ. ಪೋರ್ಸಲಿನ್ ತಣ್ಣಗಿರುತ್ತದೆ, ರಾಳ ತುಂಬಿ ಬಣ್ಣ ಬಳಿದ ಭಾಗ ತುಸು ಬೆಚ್ಚಗೂ ಮೆತ್ತಗೂ ತೋರುತ್ತದೆ. ಉಗುರಿನಿಂದ ಮೆಲ್ಲಗೆ ತಟ್ಟಿದಾಗ ಟಣ್ ಎನ್ನುವ ಬದಲು ಮಂಕು ಸದ್ದು ಬಂದರೆ ಎಲ್ಲೋ ಕೂದಲಬಿರುಕು ಇರಬಹುದು. ಕತ್ತಲಕೋಣೆಯಲ್ಲಿ 365 ನ್ಯಾನೊಮೀಟರಿನ ಅತಿನೇರಳೆ ಟಾರ್ಚ್ ಹಿಡಿದರೆ ಹಲವು ಅಂಟುಗಳು ಮತ್ತು ತೇಪೆಬಣ್ಣಗಳು ಸುತ್ತಲಿನ ಮೈಗಿಂತ ಬೇರೆಯಾಗಿ ಹೊಳೆಯುತ್ತವೆ. ಹೊಸ ರಾಳಗಳಲ್ಲಿ ಕೆಲವು ಹೊಳೆಯುವುದೇ ಇಲ್ಲವಾದ್ದರಿಂದ ಬೆರಳಿನ ಪರೀಕ್ಷೆಯನ್ನು ಬಿಡಬಾರದು.

ಸುಡುವಾಗಲೇ ಆದ ಬಿರುಕಿನ ಅಂಚಿನೊಳಗೆ ಗ್ಲೇಜ್ ಇಳಿದು ದುಂಡಗಾಗಿರುತ್ತದೆ. ಆಮೇಲೆ ಬಿದ್ದ ಬಿರುಕು ಚೂಪಾಗಿದ್ದು ಕೊಳೆ ಹಿಡಿದಿರುತ್ತದೆ. ಮೊದಲನೆಯದನ್ನು ಒಪ್ಪಿಕೊಳ್ಳಬಹುದು. ಎರಡನೆಯದಕ್ಕೆ ಬೆಲೆ ಗಣನೀಯವಾಗಿ ಇಳಿಯಲೇಬೇಕು.

ಏಳನೆಯ ಹಂತ: ಕೊಳ್ಳುವುದು ಮತ್ತು ತರಿಸುವುದು

ಮುಂಬಯಿಯ ಚೋರ್‌ಬಜಾರಿನ ಮಟನ್ ಸ್ಟ್ರೀಟ್‌ನಂತಹ ಹಳೆಯ ಸಾಮಾನಿನ ಬೀದಿಗಳಲ್ಲಿ ಬೊಂಬೆಯನ್ನು ಕೈಯಲ್ಲಿ ಹಿಡಿದು ನೋಡುವ ಅನುಕೂಲವಿದೆ. ಆನ್‌ಲೈನ್‌ನಲ್ಲಾದರೆ ತಳ, ಎರಡೂ ಪಕ್ಕ, ಕಿವಿ ಮತ್ತು ಬಾಲದ ತುದಿಗಳ ಹತ್ತಿರದ ಫೋಟೊಗಳನ್ನು, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ತೆಗೆದ ಒಂದು ಫೋಟೊವನ್ನು ಕೇಳಿ ಪಡೆಯಿರಿ. ರಿಪೇರಿ ಆಗಿಲ್ಲವೆಂದು ಬರಹದಲ್ಲಿ ಹೇಳಿಸಿಕೊಳ್ಳಿ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಶುಲ್ಕ, ಸಾಗಣೆ, ಭಾರತಕ್ಕೆ ಬಂದಾಗ ಆಮದು ಸುಂಕ ಮತ್ತು ಜಿಎಸ್‌ಟಿ ಸೇರುತ್ತವೆ, ಆದ್ದರಿಂದ ಇವೆಲ್ಲವನ್ನೂ ಕೂಡಿ ನೋಡಿದ ಮೇಲೆಯೇ ನಿಮ್ಮ ಮಿತಿಯನ್ನು ಗೊತ್ತುಮಾಡಿಕೊಳ್ಳಿ. ದೇಶದೊಳಗೆ ಕೊಂಡ ಬೊಂಬೆ 100 ವರ್ಷ ಮೀರಿದ್ದಾಗಿದ್ದು ಅದನ್ನು ಹೊರದೇಶಕ್ಕೆ ಒಯ್ಯುವ ಯೋಚನೆಯಿದ್ದರೆ, 1972ರ ಪ್ರಾಚೀನ ವಸ್ತುಗಳ ಕಾಯ್ದೆ ಅಡ್ಡ ಬರಬಹುದು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ಮೊದಲೇ ವಿಚಾರಿಸಬೇಕು.

ಕಳುಹಿಸುವವರಿಗೆ ಎರಡು ಪೆಟ್ಟಿಗೆಗಳ ವಿಧಾನವನ್ನು ಕಡ್ಡಾಯ ಮಾಡಿ: ಬೊಂಬೆಯ ಕಾಲುಗಳ ಸಂದಿಗೆ ಮೃದುವಾದ ಕಾಗದ ತುಂಬಿ, ಗುಳ್ಳೆಹಾಳೆಯಲ್ಲಿ ಸುತ್ತಿ ಒಳಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯ ಸುತ್ತ ಎಲ್ಲ ಕಡೆ ನಾಲ್ಕೈದು ಬೆರಳಗಲ ಮೆತ್ತೆಯಿರುವಂತೆ ಹೊರಪೆಟ್ಟಿಗೆ. ಚಿನ್ನದ ಲೇಪಕ್ಕೆ ಅಂಟುಪಟ್ಟಿ ತಾಗಿದರೆ ಬಿಚ್ಚುವಾಗ ಅದು ಕಿತ್ತು ಬರುತ್ತದೆ.

ಎಂಟನೆಯ ಹಂತ: ಇಡುವುದು, ತೊಳೆಯುವುದು, ದಾಖಲಿಸುವುದು

ನಮ್ಮ ಮಳೆಗಾಲದ ತೇವ ಪೋರ್ಸಲಿನ್‌ಗೆ ಏನೂ ಮಾಡದು. ಹಳೆಯ ರಿಪೇರಿಯ ಅಂಟಿಗೆ ಮಾತ್ರ ತೊಂದರೆ ಮಾಡುತ್ತದೆ. ಗಾಜಿನ ಬಾಗಿಲಿನ, ಗೋಡೆಗೆ ಬಿಗಿದ ಕಪಾಟು ಬೇಕು, ಅದು ರಭಸದಿಂದ ಮುಚ್ಚುವ ಬಾಗಿಲಿನ ಪಕ್ಕದಲ್ಲಿರಬಾರದು. ಎತ್ತುವಾಗ ತಲೆಯನ್ನೋ ಬಾಲವನ್ನೋ ಹಿಡಿಯದೆ ಒಂದು ಕೈಯನ್ನು ತಳಕ್ಕೂ ಇನ್ನೊಂದನ್ನು ಮೈಗೂ ಕೊಡಬೇಕು. ದಸರಾ ಬೊಂಬೆಗಳ ಸಾಲಿನಲ್ಲಿ ಇವನ್ನು ಕೂರಿಸುವ ಮನೆಗಳಲ್ಲಿ ಮಕ್ಕಳ ಕೈಗೆಟುಕದ ಮೇಲಿನ ಮೆಟ್ಟಿಲೇ ಸರಿ.

ಧೂಳನ್ನು ಮೃದುವಾದ ಒಣ ಕುಂಚದಿಂದ ತೆಗೆದರೆ ಸಾಕು. ತೊಳೆಯಲೇಬೇಕಾದರೆ ಸಿಂಕಿನಲ್ಲಿ ಬೇಡ. ಒಳಗೆ ಟವಲ್ ಹಾಸಿದ ಪ್ಲಾಸ್ಟಿಕ್ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಎರಡು ಹನಿ ಸೌಮ್ಯ ಸೋಪು, ಬಟ್ಟೆಯ ಬದಲು ಕುಂಚ. ತಳದ ರಂಧ್ರವನ್ನು ಮೊದಲೇ ಮುಚ್ಚಿಕೊಳ್ಳಿ, ಒಳಗೆ ನೀರು ಸೇರಿದರೆ ಒಣಗಲು ಬಹಳ ಕಾಲ ಬೇಕು. ರಿಪೇರಿಯಾದ ಬೊಂಬೆಯನ್ನು ನೀರಿಗೆ ಇಳಿಸಲೇಬೇಡಿ, ಚಿನ್ನದ ಭಾಗವನ್ನು ಉಜ್ಜಬೇಡಿ.

ಪ್ರತಿ ಬೊಂಬೆಗೂ ಒಂದು ಪುಟ ಮೀಸಲಿಟ್ಟು ಕಾರ್ಖಾನೆ, ಶಿಲ್ಪಿ, ಮಾದರಿಸಂಖ್ಯೆ, ಸೆಂಟಿಮೀಟರಿನಲ್ಲಿ ಎತ್ತರ, ಮುದ್ರೆಯ ವಿವರ, ಕೊಂಡ ದಿನ, ಮಾರಿದವರು, ಬೆಲೆ, ಇರುವ ದೋಷಗಳು ಇಷ್ಟನ್ನೂ ಬರೆದು ರಸೀದಿಯನ್ನು ಅಲ್ಲೇ ಇರಿಸಿ. ವಿಮೆಗೂ, ಮುಂದೆ ಮಾರುವುದಕ್ಕೂ, ಮಕ್ಕಳ ಕೈಗೆ ಒಪ್ಪಿಸುವುದಕ್ಕೂ ಈ ಪುಟವೇ ಆಧಾರ. ಫೋಟೊ ತೆಗೆಯುವಾಗ ಮುಖದ ಜೊತೆಗೆ ತಳವನ್ನೂ ತೆಗೆಯಿರಿ, ಮತ್ತು ಬೊಂಬೆಯ ಮೈಗೆ ಅಂಕಿಯ ಚೀಟಿಯನ್ನು ಅಂಟಿಸದೆ, ಅಂಕಿಯನ್ನು ಕಾಗದದ ತುಂಡಿನ ಮೇಲೆ ಬರೆದು ತಳದಡಿಯಲ್ಲಿಡಿ.